ಕೆಂಪು ರಿಬ್ಬನ್ನಿನ ಪಿನ್ನುಗಳು

ಮೊನ್ನೆ ಕ್ಲಿನಿಕ್ಕಿನಲ್ಲಿ ಒಬ್ಬ ಕ್ರೇನ್ ಡ್ರೈವರನ ಮುರಿದ ಹಲ್ಲಿಗೆ ತಾತ್ಕಾಲಿಕ ಕ್ಯಾಪು ಮಾಡಲೆಂದು ಅಕ್ರಿಲಿಕ್ ಪುಡಿಗೆ ಅದರ ದ್ರವ ಬೆರೆಸುತ್ತಿದ್ದೆ. ಮೂಗಿನ ಬುಡಕ್ಕೇ ಹೋಗಿ ಕೂರುವ ವಾಸನೆ ಅದು. ಮೊದಲು ಸಿಹಿ ಅನ್ನಿಸಿ ಆಮೇಲೆ ಕಣ್ಣಲ್ಲಿ ನೀರು ತರಿಸುತ್ತದೆ. ಹಲ್ಲಿನ ಡಾಕ್ಟರಾದವಳಿಗೆ ಇದೇನು ಹೊಸದಲ್ಲ, ಅಡುಗೆಯವರಿಗೆ ಒಗ್ಗರಣೆ ವಾಸನೆ ಇದ್ದ ಹಾಗೆ. ಆದರೂ ಬೆರೆಸುತ್ತಿದ್ದ ಕೈ ನಿಂತುಬಿಟ್ಟಿತು. ನರ್ಸು ಗಾಬರಿಯಾಗಿ ನನ್ನ ಮುಖ ನೋಡಿದಳು. ಏನಿಲ್ಲ ಎಂದು ತಲೆಯಾಡಿಸಿದೆ... ಇದೇ ವಾಸನೆ ಒಂದು ಕಾಲಕ್ಕೆ ನಮ್ಮ ಎದುರು ಫ್ಲ್ಯಾಟಿನ ಬಾಗಿಲ ಸಂದಿಯಿಂದ ಬರುತ್ತಿತ್ತು.

ಆಗಲೂ ನಾವು ಗಲ್ಫಿನ ಮುಸಫ್ಫಾದ ಇದೇ ಹಳೆಯ ಬಿಲ್ಡಿಂಗಿನಲ್ಲಿದ್ದೆವು. ನನ್ನ ಗಂಡನಿಗೆ ದೂರದ ರುವೈಸ್‌ನ ರಿಫೈನರಿಯಲ್ಲಿ ಶಿಫ್ಟಿನ ಕೆಲಸ. ಮನೆಗೆ ಬರುತ್ತಿದ್ದುದು ಹಬ್ಬಕ್ಕೆ ಅಳಿಯ ಬಂದ ಹಾಗೆ. ಎದುರು ಫ್ಲ್ಯಾಟಿನಲ್ಲಿ ಮಂಗಳೂರು ಕಡೆಯ, ಮನೆಯಲ್ಲಿ ಕೊಂಕಣಿ ಮಾತಾಡುವ ಅಂಕಲ್ ಮತ್ತು ಆಂಟಿ. ಆಂಟಿ ಆಸ್ಪತ್ರೆಯಲ್ಲಿ ನರ್ಸ್. ಅಂಕಲ್ ಹೋಟೆಲೊಂದರ ಮೇಂಟೆನೆನ್ಸ್ ಕೆಲಸದಿಂದ ನಿವೃತ್ತರಾಗಿ ಹೆಂಡತಿಯ ವೀಸಾದ ಮೇಲೆ ಮನೆಯಲ್ಲಿದ್ದರು. ತಾವೀಗ ಹೌಸ್‌ವೈಫ್ ಎಂದು ಸಿಕ್ಕವರಿಗೆಲ್ಲ ಹೇಳಿ ನಗುತ್ತಿದ್ದರು. ಒಂದು ಸಂಜೆ ಕಾರಿಡಾರಿನಲ್ಲಿ ಆ ವಾಸನೆ ಮೂಗಿಗೆ ಬಡಿದಾಗ ನನಗೆ ಹೊಳೆದದ್ದು ಒಂದೇ: ಈ ಮನುಷ್ಯ ಕದ್ದುಮುಚ್ಚಿ ಹಲ್ಲಿನ ಸೆಟ್ಟು ಮಾಡುತ್ತಿದ್ದಾರೆ! ತಡೆಯಲಾಗದೆ ಬೆಲ್ ಒತ್ತಿದೆ.

"ಏನ್ರೀ ಅಂಕಲ್, ನನ್ನ ಹೊಟ್ಟಿಮ್ಯಾಲ ಹೊಡ್ಯಾಕ ನಿಂತೀರೇನು?" ಅಂದೆ.

"ಎಂತ ಡಾಕ್ಟ್ರೇ, ವಾಸನೆ ಬಂತಾ? ಬನ್ನಿ ಬನ್ನಿ, ತೋರಿಸ್ತೇನೆ."

ಊಟದ ಮೇಜಿಗೆ ಹಳೆಯ ಪೇಪರು ಹಾಸಿತ್ತು. ಅದರ ಮೇಲೆ ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು. ಚೌಕಟ್ಟಿನ ಕಡ್ಡಿಗಳಿಗೆ ರೆಕ್ಕೆ, ಬಾಲ, ಚಕ್ರ, ಉಗುರಿಗಿಂತ ಸಣ್ಣ ತುಂಡುಗಳು ಅಂಟಿಕೊಂಡಿದ್ದವು. ಒಂದೊಂದನ್ನೇ ಕತ್ತರಿಸಿ, ಅಂಚು ಉಜ್ಜಿ, ಅಂಟಿಸಿ, ಬಣ್ಣ ಬಳಿದರೆ ಮೊಣಕೈ ಉದ್ದದ ಫೈಟರ್ ವಿಮಾನವಾಗುತ್ತದಂತೆ. ವಾಸನೆ ಆ ಪ್ಲಾಸ್ಟಿಕ್ ಅಂಟಿನದು. ದುಬೈಗೆ ಹೋಗಿ ಹುಡುಕಿ ತಂದ ಕಿಟ್ಟು. ಗಲ್ಫಿಗೆ ಬರುವ ಮೊದಲು ಅಂಕಲ್ ವಾಯುಪಡೆಯಲ್ಲಿ ನೆಲದ ಮೇಲೆ ವಿಮಾನ ನೋಡಿಕೊಳ್ಳುವ ಟೆಕ್ನಿಶಿಯನ್ ಆಗಿದ್ದರೆಂದು ನನಗೆ ಗೊತ್ತಾದದ್ದೇ ಅವತ್ತು. ಈ ತ್ರಿಕೋನ ರೆಕ್ಕೆಯ ವಿಮಾನ ಅವರು ನೋಡಿಕೊಂಡಿದ್ದ ಜಾತಿಯದೇ. ಹಲ್ಲು ಕೆರೆಯುವ ಹಳೆಯ ಕಡ್ಡಿಗಳಿದ್ದರೆ ಕೊಡಿ, ಸಂದುಗೊಂದು ಕೆರೆಯಲು ಬೇಕು ಅಂದರು. ಮರುದಿನ ಒಂದು ಹಿಡಿ ತಂದುಕೊಟ್ಟೆ. ತೆಗೆದುಕೊಳ್ಳುವಾಗ ಅವು ಅವರ ಅಂಗೈಯಲ್ಲಿ ಕಿಣಿಕಿಣಿ ಎಂದವು. ಬಲಗೈ ನಡುಗುತ್ತಿತ್ತು.

ಆಂಟಿ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದರು. ಡಾಕ್ಟರಿಗೆ ತೋರಿಸಿಯಾಗಿದೆ, ಮಾತ್ರೆ ನಡೆಯುತ್ತಿದೆ, ಆದರೆ ಈ ನಡುಕ ಬರಬರುತ್ತ ಹೆಚ್ಚುವಂಥದ್ದು. ಅದಕ್ಕೇ ಈ ಅವಸರ. ಅಂಕಲ್‌ಗೆ ನಮ್ಮ ಪಿಸುಮಾತು ಕೇಳಿಸಿರಬೇಕು. "ಇದು ಮುಗಿಯುವವರೆಗೆ ಕೈ ನನ್ನ ಮಾತು ಕೇಳಿದ್ರೆ ಸಾಕು, ಡಾಕ್ಟ್ರೇ. ಮತ್ತೆ ಅದರ ಇಷ್ಟ" ಎಂದರು ಮೇಜಿನ ಹತ್ತಿರದಿಂದಲೇ.

ಅಲ್ಲಿಂದ ನಾನೂ ಅದಕ್ಕೆ ಅಂಟಿಕೊಂಡೆ. ಕ್ಲಿನಿಕ್ಕು ಮುಗಿಸಿ ಬಂದು ಒಂದಿಷ್ಟು ಹೊತ್ತು ಅಲ್ಲಿ ಕೂರುವುದು, ಆಂಟಿ ಮಾಡಿದ ಇಡ್ಲಿಯಂಥ ಸಣ್ಣಾ ತಿನ್ನುವುದು, ಬಣ್ಣ ಆಚೀಚೆ ಹರಡದಂತೆ ಅಂಟಿಸುವ ಮಾಸ್ಕಿಂಗ್ ಟೇಪು ಕತ್ತರಿಸಿ ಕೊಡುವುದು. ಡಾಕ್ಟ್ರೇ ಹೋಗಿ "ಬಾಯೆ" ಆಯಿತು. ಅವರಲ್ಲಿ ಮಗಳ ವಯಸ್ಸಿನವಳನ್ನು ಹಾಗೆ ಕರೆಯುತ್ತಾರೆ. ಕೆಲಸ ಮಾಡುವಾಗ ಅಂಕಲ್ ಹೆಚ್ಚು ಮಾತಾಡುತ್ತಿರಲಿಲ್ಲ. ಕಾಕ್‌ಪಿಟ್ಟಿನ ಗಾಜನ್ನು ತೆರೆದ ಹಾಗೆಯೇ ಅಂಟಿಸಿದರು, ಪಕ್ಕಕ್ಕೆ ಪುಟ್ಟ ಏಣಿ ನಿಲ್ಲಿಸಿದರು. ಕಿಟ್ಟಿನ ಜೊತೆ ಬಂದಿದ್ದ ಪೈಲಟ್ ಬೊಂಬೆಯನ್ನು ಮಾತ್ರ ಚೌಕಟ್ಟಿನಿಂದ ಕತ್ತರಿಸಲೇ ಇಲ್ಲ.

"ಇವರನ್ನ ಯಾಕ್ ಕುಂದ್ರಸೂದಿಲ್ರೀ?" ಎಂದು ಕೇಳಿದೆ.

"ಪೈಲಟ್ ಇಳಿದು ಟೀ ಕುಡಿಲಿಕ್ಕೆ ಹೋಗಿದ್ದಾರೆ, ಬಾಯೆ."

ತಮಾಷೆ ಅಂದುಕೊಂಡು ನಕ್ಕೆ. ಅವರೂ ನಕ್ಕರು.

ಬಣ್ಣ ಮುಗಿಯುವ ಹೊತ್ತಿಗೆ ಇಲ್ಲಿಯ ಬೇಸಿಗೆ ನೆತ್ತಿಗೇರಿತ್ತು. ಬೆಳ್ಳಿಯ ಮೈ, ರೆಕ್ಕೆಯ ಮೇಲೆ ನೀರಲ್ಲಿ ನೆನೆಸಿ ಅಂಟಿಸಿದ ವಾಯುಪಡೆಯ ಗುರುತು, ಬಾಲದ ಮೇಲೆ ಅವರೇ ಕೂದಲೆಳೆಯ ಬ್ರಷ್ಷಿನಲ್ಲಿ ಬರೆದ ನಂಬರು. ಆ ನಂಬರು ಬರೆಯಲು ಎಷ್ಟು ಸಲ ಒರೆಸಿದ್ದರೋ ದೇವರಿಗೇ ಗೊತ್ತು. ಇನ್ನು ವಾರ್ನಿಶ್ ಒಂದು ಕೈ ಹೊಡೆದರೆ ಆಯಿತು. ನೈಟ್ ಡ್ಯೂಟಿ ಮಾಡಿ ಮಲಗಿದ್ದ ಆಂಟಿಗೆ ವಾಸನೆ ಬೇಡವೆಂದು, ಎಸಿ ಕೋಣೆಯಲ್ಲಿ ತಣ್ಣಗೆ ಕೂತಿದ್ದ ವಿಮಾನವನ್ನು ನೇರ ಬಾಲ್ಕನಿಗೆ ಒಯ್ದು ಸ್ಪ್ರೇ ಮಾಡಿದರು. ಎಸಿಯಿಂದ ಹೊರಬಿದ್ದ ಕೂಡಲೇ ಕನ್ನಡಕದ ಮೇಲೆ ಹಬೆ ಕೂರುವುದು ಇಲ್ಲಿದ್ದವರಿಗೆಲ್ಲ ಗೊತ್ತು. ಒರೆಸಿಕೊಂಡೇ ಕಾರು ಹತ್ತುತ್ತೇವೆ. ಆದರೆ ವಿಮಾನಕ್ಕೂ ಹಾಗೆಯೇ ಆಗುತ್ತದೆಂದು ಯಾರಿಗೆ ಹೊಳೆಯಬೇಕು? ಕಣ್ಣಿಗೆ ಕಾಣದ ಆ ತೇವದ ಮೇಲೆ ವಾರ್ನಿಶ್ ಬಿದ್ದು ಇಡೀ ಮೈ ಹಾಲಿನಂತೆ ಬೆಳ್ಳಗಾಯಿತು. ಗುರುತು, ನಂಬರು ಎಲ್ಲ ಮುಚ್ಚಿಹೋಯಿತು.

ನಾನು ಹೋದಾಗ ಅಂಕಲ್ ಬಾಲ್ಕನಿಯ ಸ್ಟೂಲಿನ ಮೇಲೆ ಬೆವರಿ ತೊಪ್ಪೆಯಾಗಿ ಕೂತಿದ್ದರು. ಸಮಾಧಾನ ಮಾಡಲು ನನಗೆ ಮೊದಲೇ ಬರುವುದಿಲ್ಲ. ಇರಲಿ ಬಿಡ್ರಿ, ಹಿಮಾಲಯದ ಮ್ಯಾಲಿನ ವಿಮಾನ ಅಂದ್ರಾತು ಅಂದೆ. ಅವರು ನಗಲಿಲ್ಲ. ನನ್ನ ಕಡೆ ನೋಡದೆ ಹೇಳತೊಡಗಿದರು.

ವಿಮಾನ ನೆಲದ ಮೇಲಿರುವಾಗ ಚಕ್ರದ ಕಾಲು ಮಡಚದ ಹಾಗೆ, ಅಪಾಯದಲ್ಲಿ ಪೈಲಟ್ ಸಮೇತ ಹೊರಚಿಮ್ಮುವ ಸೀಟು ಸಿಡಿಯದ ಹಾಗೆ ಅಲ್ಲಲ್ಲಿ ಪಿನ್ನು ಹಾಕಿರುತ್ತಾರೆ. ಮರೆಯಬಾರದೆಂದು ಪ್ರತಿ ಪಿನ್ನಿಗೂ ಒಂದು ಕೆಂಪು ರಿಬ್ಬನ್ನು. ಹಾರುವ ಮೊದಲು ನೆಲದ ಮನುಷ್ಯ ಎಲ್ಲ ಪಿನ್ನು ಕಿತ್ತು, ಮೂತಿಯ ಎದುರು ನಿಂತು, ಪೈಲಟ್‌ಗೆ ಕಾಣುವಂತೆ ಕೈಯೆತ್ತಿ ತೋರಿಸಬೇಕು. ಪೈಲಟ್ ನೋಡಿ ಹೆಬ್ಬೆರಳು ಎತ್ತುತ್ತಾರೆ. ಆ ಪಿನ್ನುಗಳು ನೆಲದವನ ಹತ್ತಿರವೇ ಉಳಿಯುತ್ತವೆ. ವಿಮಾನ ವಾಪಸ್ ಬಂದು ನಿಂತ ಕೂಡಲೇ ಅವನೇ ಹಾಕಬೇಕು.

"ನಮ್ಮ ಪೈಲಟ್ ಸರ್ ಸಣ್ಣ ಪ್ರಾಯ, ಬಾಯೆ. ಬೆಲ್ಟು ನಾನೇ ಕಟ್ಟಿದ್ದು. ಬಂದು ಒಟ್ಟಿಗೆ ಟೀ ಕುಡಿಯುವಾ ಅಂತ ಹಿಂದಿಯಲ್ಲಿ ಹೇಳಿದ್ರು. ಪಿನ್ನು ತೋರಿಸಿದೆ, ಹೆಬ್ಬೆರಳು ಎತ್ತಿದ್ರು. ಆಕಾಶ ಚೊಕ್ಕ ಇತ್ತು, ಒಂದು ಮೋಡ ಇರ್ಲಿಲ್ಲ..."

ವಿಮಾನ ಬರಲಿಲ್ಲ. ಸರ್ ಕೂಡ ಬರಲಿಲ್ಲ. ಅಂಕಲ್ ಕತ್ತಲಾಗುವವರೆಗೂ ಪಿನ್ನು ಹಿಡಿದು ಅಲ್ಲೇ ನಿಂತಿದ್ದರಂತೆ. ಆಮೇಲೆ ಯಾರೋ ಬಂದು ಕೈಯಿಂದ ತೆಗೆದುಕೊಂಡರಂತೆ. ಇವರ ಕೆಲಸದಲ್ಲಿ ಏನೂ ತಪ್ಪಿಲ್ಲವೆಂದು ವಿಚಾರಣೆಯಲ್ಲಿ ಹೇಳಿದರು. ಅದು ಗೊತ್ತಿದ್ದೂ ಮನಸ್ಸು ಅಲ್ಲೇ ನಿಂತುಬಿಟ್ಟಿತ್ತು.

ಬಾಲದ ಮೇಲಿನ ನಂಬರು ಆ ವಿಮಾನದ್ದು. ತೆರೆದ ಗಾಜು, ಏಣಿ, ಖಾಲಿ ಸೀಟು... ವಾಪಸ್ ಬಂದು ನಿಂತ ವಿಮಾನ ಅದು. ನಾನು ನಕ್ಕಿದ್ದೆನಲ್ಲ, ಆ ಟೀ ಮಾತು ಈಗ ಎದೆಗೆ ನಾಟಿತು. ಇನ್ನು ಪಿನ್ನು ಹಾಕುವುದೊಂದು ಬಾಕಿ ಇತ್ತು, ಅಷ್ಟರಲ್ಲಿ ಹೀಗಾಯಿತು. ಮತ್ತೊಮ್ಮೆ ಮೊದಲಿನಿಂದ ಮಾಡುವಷ್ಟು ದಿನ ಅವರ ಕೈಗೆ ಉಳಿದಿರಲಿಲ್ಲ.

ಹಲ್ಲಿಗೆ ಸಿಮೆಂಟು ತುಂಬುವ ಮೊದಲು ನಾವು ಹಲ್ಲನ್ನು ಚೆನ್ನಾಗಿ ಒಣಗಿಸುತ್ತೇವೆ. ಎಂಜಲಿನ ಪಸೆ ಇದ್ದರೆ ಮುಗಿಯಿತು ಕಥೆ. ತೇವ ನನ್ನ ಹಳೆಯ ಶತ್ರು. ಕ್ಲಿನಿಕ್ಕಿನ ಹಿಂದೆ ಪುಟ್ಟ ಲ್ಯಾಬ್ ಇತ್ತು, ಗಾಳಿ ಒಣ, ವಾಸನೆ ಎಳೆದು ಹೊರಹಾಕುವ ಫ್ಯಾನೂ ಇತ್ತು. ಆಗ ವಾರದ ರಜೆ ಶುಕ್ರವಾರ. ಅವರು ಇಗರ್ಜಿಯಲ್ಲಿ ಕೊಂಕಣಿ ಪೂಜೆ ಮುಗಿಸಿ ಬಂದ ಮೇಲೆ ವಿಮಾನವನ್ನು ದೊಡ್ಡ ಕೇಕಿನ ಡಬ್ಬಿಯಲ್ಲಿಟ್ಟು ಅಂಕಲ್‌ರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಸಾಕಷ್ಟು ಹೊತ್ತು ಅಲ್ಲೇ ಒಣಗಲು ಬಿಟ್ಟು, ಅದೇ ವಾರ್ನಿಶ್ಶನ್ನು ತೆಳ್ಳಗೆ ಹೊಡೆದೆವು. ಹಸಿ ವಾರ್ನಿಶ್ ಕೆಳಗಿನದನ್ನು ಮೆತ್ತಗೆ ಮಾಡಿ, ಸಿಕ್ಕಿಬಿದ್ದ ತೇವ ಹೊರಗೆ ಹೋಗಿ, ಬಿಳಿ ಪೊರೆ ಕರಗುತ್ತ ಬಂತು. ಮೊದಲು ರೆಕ್ಕೆ, ಆಮೇಲೆ ಬಾಲ, ಕೊನೆಗೆ ನಂಬರು. ಅಂಕಲ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ನಾನು ಆ ಕಡೆ ತಿರುಗಿ ಮೂಗು ಒರೆಸಿಕೊಂಡೆ.

ಮುಂದಿನ ಶುಕ್ರವಾರ ಪಿನ್ನಿನ ಕೆಲಸ. ಹಲ್ಲಿನ ಕ್ಲಿಪ್ಪು ಬಿಗಿಯುವ ನೂಲಿನಂಥ ತಂತಿಯಲ್ಲಿ ಪಿನ್ನು ಮಾಡಿದೆವು, ಚಾಕೊಲೇಟಿನ ಕೆಂಪು ಕಾಗದದಿಂದ ರಿಬ್ಬನ್ನು. ನನ್ನ ಅತಿ ಸಣ್ಣ ಡ್ರಿಲ್ಲಿನಿಂದ ತೂತು ನಾನೇ ಕೊರೆದೆ. ವಿಮಾನ ಪೇಶಂಟ್ ಕುರ್ಚಿಯ ತಟ್ಟೆಯ ಮೇಲೆ, ದೊಡ್ಡ ದೀಪದ ಕೆಳಗೆ ಕೂತಿತ್ತು. ಹೇಳದೆಯೇ ಬಾಯಿ ತೆರೆದು ಕೂತ ನನ್ನ ಏಕೈಕ ಪೇಶಂಟ್ ಅದು. ಅಂಟು ಹಚ್ಚಲೇ ಅಂದದ್ದಕ್ಕೆ ಅಂಕಲ್ ಬೇಡವೆಂದು ತಲೆಯಾಡಿಸಿದರು. "ಪಿನ್ನಿಗೆ ಗಮ್ ಹಾಕ್ಲಿಕ್ಕಿಲ್ಲ. ಬೇಕಾದಾಗ ತೆಗಿಲಿಕ್ಕೆ ಬರಬೇಕು."

ಚಿಮುಟದಲ್ಲಿ ಪಿನ್ನು ಹಿಡಿದರು. ಕೈ ತೂತಿನ ಸುತ್ತ ಗಿರಕಿ ಹೊಡೆಯಿತೇ ಹೊರತು ಒಳಗೆ ಹೋಗಲಿಲ್ಲ. ಮತ್ತೆ ಹಿಡಿದರು, ಮತ್ತೆ ಜಾರಿತು. ಹಣೆಯಲ್ಲಿ ಬೆವರು. ನಾನು ಹಾಕಲೇ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದು ನಾನು ಮಾಡುವ ಕೆಲಸವಾಗಿರಲಿಲ್ಲ. ಆಗ ನೆನಪಾದದ್ದು, ಓದುವಾಗ ಮೊದಲ ದಿನವೇ ನಮಗೆ ಕಲಿಸಿದ ಪಾಠ. ಬಾಯೊಳಗೆ ಕೈಯನ್ನು ಗಾಳಿಯಲ್ಲಿ ಹಿಡಿದು ಯಾರೂ ಕೆಲಸ ಮಾಡುವುದಿಲ್ಲ. ಉಂಗುರದ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿಕೊಳ್ಳುತ್ತೇವೆ.

"ಅಂಕಲ್, ಕೈ ತೇಲಿಸಬ್ಯಾಡ್ರಿ. ಉಂಗುರದ ಬಳ್ಳು ರೆಕ್ಕಿ ಮ್ಯಾಲ ಊರ್ರಿ. ಹಾಂ, ಭಾರ ಅದರ ಮ್ಯಾಲ ಬಿಡ್ರಿ. ಇನ್ನ ಉಸಿರು ಬಿಟ್ಟು ಹಾಕ್ರಿ."

ಊರಿದರು. ನಡುಕ ಪೂರ್ತಿ ನಿಲ್ಲಲಿಲ್ಲ, ಆದರೆ ಸಣ್ಣದಾಯಿತು. ಒಂದು ಕಾಲಿನ ಪಿನ್ನು ಹೋಯಿತು. ಇನ್ನೊಂದು ಕಾಲಿನದು. ಮುಂದಿನ ಚಕ್ರದ್ದು. ಕೊನೆಗೆ ಸೀಟಿನದು. ಚಿಮುಟವನ್ನು ತಟ್ಟೆಯಲ್ಲಿಟ್ಟರು. ಆಮೇಲೆ ಅಂದರು, "ಖಲಾಸ್, ಬಾಯೆ. ಬಂದು ನಿಂತಿತು."

ಆಂಟಿ ನಿವೃತ್ತರಾದಾಗ ಇಬ್ಬರೂ ಊರಿಗೆ ಹೊರಟರು. ಸಾಮಾನೆಲ್ಲ ಕಾರ್ಗೋದಲ್ಲಿ ಹೋಯಿತು. ಹೊರಡುವ ದಿನ ಅಂಕಲ್ ಕೇಕಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಯಾಕೆ, ಮಡಿಲಲ್ಲಿಟ್ಟುಕೊಂಡು ಒಯ್ಯಬಹುದಲ್ಲ ಎಂದು ಕೇಳಿದೆ. "ಪಿನ್ನು ಹಾಕಿದ ವಿಮಾನ ಹಾರ್ಲಿಕ್ಕಿಲ್ಲ" ಅಂದರು. ತಮಾಷೆಯೋ ನಿಜವೋ ತಿಳಿಯಲಿಲ್ಲ. ಆ ಮನುಷ್ಯನ ವಿಷಯದಲ್ಲಿ ನನಗೆ ಅದು ತಿಳಿಯುತ್ತಿದ್ದುದು ಯಾವಾಗಲೂ ತಡವಾಗಿ.

ಕಳೆದ ವರ್ಷ ಅವರು ತೀರಿಕೊಂಡರು. ಕೊನೆಕೊನೆಗೆ ಚಮಚ ಹಿಡಿಯಲೂ ಆಗುತ್ತಿರಲಿಲ್ಲವಂತೆ. ಸುದ್ದಿ ಬಂದಾಗ ನಾನು ಕ್ಲಿನಿಕ್ಕಿನಲ್ಲೇ ಇದ್ದೆ. ಪೇಶಂಟನ್ನು ಕೂರಿಸಿ ಒಳಗಿನ ಲ್ಯಾಬಿಗೆ ಹೋಗಿ ಅತ್ತೆ. ಈಗಲೂ ಅವರಿಲ್ಲ ಅನ್ನುವುದು ಒಮ್ಮೊಮ್ಮೆ ಕಾರಿಡಾರಿನಲ್ಲಿ ನಡೆಯುವಾಗ ಹೊಸದಾಗಿ ತಾಗುತ್ತದೆ... ಎದುರಿನ ಫ್ಲ್ಯಾಟಿಗೆ ಬೇರೆ ಯಾರೋ ಬಂದಿದ್ದಾರೆ.

ಮೊನ್ನೆ ಬೆಳಿಗ್ಗೆ, ಆ ವಾಸನೆ ಕೈ ಹಿಡಿದು ನಿಲ್ಲಿಸುವ ಮೊದಲು, ಆಂಟಿಯ ಫೋನು ಬಂದಿತ್ತು. ನಾನು ರಜೆಗೆ ಊರಿಗೆ ಹೊರಟಿರುವುದು ಅವರಿಗೆ ಗೊತ್ತಿತ್ತು. "ಬರುವಾಗ ಅದನ್ನು ತರ್ತೀಯಾ? ಅವರ ಫೋಟೋದ ಹತ್ರ ಇಡುವಾ ಅಂತ." ಆಗಲಿ ಅಂದೆ. ಅಂದ ಮೇಲೆ ಅಂಕಲ್ ಹೇಳಿದ್ದ ಪಿನ್ನಿನ ಮಾತು ನೆನಪಾಯಿತು.

ಇವತ್ತು ಪೇಶಂಟುಗಳೆಲ್ಲ ಹೋದ ಮೇಲೆ ಕ್ಲಿನಿಕ್ಕಿನ ಗಾಜಿನ ಬೀರುವಿನಲ್ಲಿ ಇಟ್ಟಿದ್ದ ವಿಮಾನ ತೆಗೆದು ತಟ್ಟೆಯ ಮೇಲಿಟ್ಟೆ. ದೀಪ ಹಾಕಿದೆ. ಚಿಮುಟ ಹಿಡಿದು, ಉಂಗುರದ ಬೆರಳನ್ನು ಅವರು ಊರಿದ್ದ ಜಾಗದಲ್ಲೇ ಊರಿದೆ. ಕಾಲಿನ ಪಿನ್ನು, ಚಕ್ರದ ಪಿನ್ನು, ಸೀಟಿನ ಪಿನ್ನು, ಎಲ್ಲ ತೆಗೆದು ಅಂಗೈಯಲ್ಲಿಟ್ಟುಕೊಂಡೆ. ಆಮೇಲೆ ಮೂತಿಯ ಎದುರು ನಿಂತು, ಕಾಣುವಂತೆ ಕೈಯೆತ್ತಿ ತೋರಿಸಿದೆ. ನೋಡಿ ಹೆಬ್ಬೆರಳು ಎತ್ತುವವರು ಯಾರೂ ಇರಲಿಲ್ಲ. ಇಬ್ಬರೂ ಟೀ ಕುಡಿಯಲು ಹೋಗಿದ್ದಾರೆ.

ಪಿನ್ನುಗಳು ಈಗ ನನ್ನ ಪರ್ಸಿನಲ್ಲಿವೆ. ಊರು ಮುಟ್ಟಿದ ಕೂಡಲೇ ವಾಪಸ್ ಹಾಕಬೇಕು.