ಕೆಂಪು ಬಳಿಯದ ಬೋರಿಂಗು

ರೇಣುಕಾ, ನೀರು ಕಾಸಿ ಕುಡಿ ಎಂದು ನಿನ್ನ ತಾಯಿಗೆ ನಾನು ಹೇಳಿರಲೇ ಇಲ್ಲ. ಹೇಳಿದ್ದೆನೆಂದು ಇಪ್ಪತ್ತು ವರ್ಷಗಳಿಂದ ಎಲ್ಲರೂ ನಂಬಿದ್ದಾರೆ — ನೀನು ಆಯಿ ಎಂದು ಕರೆಯುವ ನಿನ್ನ ಅಜ್ಜಿ ಗುಂಡಮ್ಮ, ನಿಮ್ಮ ಓಣಿಯವರು, ಈಗ ನೀನೂ. ಅದು ಸುಳ್ಳು. ಆ ಸುಳ್ಳು ಹೇಳಿದವನು ನಾನೇ.

ಹೋದ ವಾರ ನೀನು ಬೀದರಿನ ನರ್ಸಿಂಗ್ ಕಾಲೇಜಿನಿಂದ ಭಾಲ್ಕಿಗೆ ಬಂದು ನನ್ನ ಮನೆ ಹುಡುಕಿದೆ. ಪೇಢೆ ಕೊಟ್ಟು ಕಾಲಿಗೆ ಬಿದ್ದೆ. "ನಮ್ಮವ್ವ ನಿಮ್ಮ ಮಾತ್ ಕೇಳಿದ್ರ ಉಳೀತಿದ್ಳು ಅಂತಾಳ್ರಿ ಆಯಿ. ಅದಕ್ಕ ನಾ ನರ್ಸ್ ಆಗಿ ಮಂದಿಗಿ ತಿಳಿಸಿ ಹೇಳ್ತೇನಿ," ಎಂದೆ. ನಾನು — ಆಗಲೇ ಹೇಳಬೇಕಿತ್ತು. ಚಹಾ ಕುಡಿದು ಹೋಗು ಎಂದೆ, ಅಷ್ಟೇ. ಆ ಪೇಢೆ ಇನ್ನೂ ಡಬ್ಬಿಯಲ್ಲೇ ಇದೆ.

ಆಗ ನಾನು ಔರಾದ ತಾಲ್ಲೂಕಿನಲ್ಲಿ ಆರೋಗ್ಯ ಕಾರ್ಯಕರ್ತನಾಗಿದ್ದೆ. ಜ್ವರ ಬಂದವರ ಬೆರಳು ಚುಚ್ಚಿ ರಕ್ತ ತೆಗೆಯುವುದು, ಕುಡಿಯುವ ನೀರಿನ ಪರೀಕ್ಷೆ ಮಾಡುವುದು ನನ್ನ ಕೆಲಸ. ಸಂತಪುರ ದಾಟಿ ನಿಮ್ಮ ಊರಿನ ತನಕ ಯಾವ ಡಾಕ್ಟರೂ ಬರುತ್ತಿರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ ಜನ ನನ್ನನ್ನೇ ಡಾಕ್ಟರ್ ಸಾಹೇಬ್ರು ಎಂದರು. ನಾನು ತಿದ್ದಲಿಲ್ಲ. ಆ ಮಾತು ಕಿವಿಗೆ ಹಿತವಾಗಿತ್ತು.

ನೀರಿನ ಪರೀಕ್ಷೆ ಸುಲಭ. ಔಷಧಿ ಇರುವ ಸಣ್ಣ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಇಟ್ಟರಾಯಿತು. ಕಪ್ಪಾದರೆ ನೀರಿಗೆ ಹೊಲಸು ಸೇರಿದೆ ಎಂದರ್ಥ. ಆಗ ಆ ಬೋರಿಂಗಿನ ಕೈಪಂಪಿಗೆ ಕೆಂಪು ಬಣ್ಣ ಬಳಿದು, ಕಾಸಿ ಕುಡಿಯಿರಿ ಎಂದು ಮನೆ ಮನೆಗೆ ಹೇಳಿ ಬರಬೇಕು. ನಿಮ್ಮ ಮನೆ ಮುಂದಿನ ಬೋರಿಂಗಿನ ನೀರು ಮರುದಿನವೇ ಕಾಡಿಗೆಯಾಯಿತು.

ಬಣ್ಣದ ಡಬ್ಬಿ ಹಿಡಿದು ಹೋದರೆ ಮನೆ ಮುಂದೆ ಚಪ್ಪರ. ನಿನ್ನ ಸೋದರಮಾವನ ಮದುವೆ. ಗುಂಡಮ್ಮ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೋಳಿಗೆ ಬಡಿಸಿದಳು. ಉದಗೀರದ ಕಡೆಯಿಂದ ಬೀಗರು ಬಂದಿದ್ದಾರೆ, ಕೆಂಪು ಕಂಡರೆ ನಮ್ಮ ನೀರು ಮುಟ್ಟುವುದಿಲ್ಲ, ಮದುವೆ ಮುಗಿಯುವವರೆಗೆ ತಡೆಯಿರಿ ಎಂದು ಬೇಡಿಕೊಂಡಳು. ಬಾಟಲಿ ಕಪ್ಪಾಗಿದೆ ಎಂದು ಹೇಳಬಹುದಿತ್ತು. ಇದು ಸರ್ಕಾರದ ಕಾಯ್ದೆ ಅಷ್ಟೇ, ಅವಸರವೇನಿಲ್ಲ ಎಂದುಬಿಟ್ಟೆ. ಅವಳು ಖುಷಿಯಾಗಿ ತುಪ್ಪ ತರಲು ಒಳಗೆ ಹೋದಳು.

ಆಗ ನಿನ್ನ ತಾಯಿ ಶೋಭಾ ಬಂದಳು. ಹೆರಿಗೆಗೆಂದು ತವರಿಗೆ ಬಂದಿದ್ದ ಏಳು ತಿಂಗಳ ಬಸುರಿ. ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು.

"ಸಾಹೇಬ್ರ, ನಾ ನೀರ್ ಕಾಸಿ ಕುಡೀಬೇಕೇನ್ರಿ?"

ಪಕ್ಕದಲ್ಲೇ ಬೀಗರು ಕುಳಿತಿದ್ದರು. ಹೌದು ಎಂದರೆ ಅವರ ಕಿವಿಗೆ ಬೀಳುತ್ತಿತ್ತು. ನನ್ನ ಬಾಯಲ್ಲಿ ಅವಳ ಮನೆಯ ಹೋಳಿಗೆ ಇತ್ತು.

"ಏನೂ ಆಗಂಗಿಲ್ಲ ತಂಗಿ, ಕುಡಿ."

ಅವಳು ತಲೆಯಾಡಿಸಿ ಒಳಗೆ ಹೋದಳು.

ಮದುವೆ ಮುಗಿದ ಮೇಲಾದರೂ ಹೋಗಬೇಕಿತ್ತು. ಇವತ್ತು ಮೀಟಿಂಗು, ನಾಳೆ ಬಸ್ಸು ತಪ್ಪಿತು — ಇಂಥವೇ ನೆಪಗಳು. ತಿಂಗಳೊಪ್ಪತ್ತಿನಲ್ಲಿ ಓಣಿಯಲ್ಲಿ ಕಾಮಣಿ, ಅಂದರೆ ಕಾಮಾಲೆ ಎದ್ದಿತು. ಉಳಿದವರು ಹಳದಿಯಾಗಿ ಮಲಗಿ ಎದ್ದರು, ಬಸುರಿಗೆ ಮಾತ್ರ ಅದು ಯಮ. ಶೋಭಾಳನ್ನು ಬೀದರಿಗೆ ಒಯ್ದರು. ನೀನು ಹುಟ್ಟಿದ ಮೂರನೇ ದಿನ ಅವಳು ತೀರಿಕೊಂಡಳು.

ಮೇಲಿನವರು ವಿಚಾರಣೆಗೆ ಬಂದು ಓಣಿಯವರೆದುರೇ ಕೇಳಿದರು. ಬಣ್ಣ ಬೇಡವೆಂದು ಮನೆಯವರೇ ತಡೆದರು, ಆದರೂ ಕಾಸಿ ಕುಡಿಯಲು ಶೋಭಾಳಿಗೆ ಹೇಳಿಯೇ ಬಂದಿದ್ದೆ ಎಂದೆ. ಅಲ್ಲವೆನ್ನಲು ಅವಳು ಎದ್ದು ಬರುವುದಿಲ್ಲ ಎಂಬುದು — ಹೌದು, ಆ ಹೊತ್ತಿನಲ್ಲಿ ಅದೂ ನನ್ನ ತಲೆಗೆ ಹೊಳೆದಿತ್ತು. ಗುಂಡಮ್ಮ ನಿನ್ನನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತಿದ್ದಳು.

"ನನ್ ಮಗಳು ನನಗ ಹೇಳ್ಲೇ ಇಲ್ಲರಿ," ಎಂದಳು.

ನನ್ನ ಮೇಲೆ ಅವಳಿಗೆ ಅನುಮಾನ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ನನ್ನ ನೌಕರಿ ಉಳಿಯಿತು, ಪೆನ್ಷನ್ನೂ ಬಂತು. ತಾಯಿಯ ಅಜಾಗರೂಕತೆಯ ಕತೆ ಕೇಳುತ್ತ ನೀನು ಬೆಳೆದೆ.

ನಾಳೆ ಮೊದಲ ಬಸ್ಸಿಗೆ ಔರಾದಕ್ಕೆ ಹೊರಟು, ಅಲ್ಲಿಂದ ನಿಮ್ಮ ಊರಿಗೆ ಹೋಗುತ್ತೇನೆ. ಗುಂಡಮ್ಮನ ಮುಂದೆ, ಆ ಬೋರಿಂಗಿನ ಹತ್ತಿರ ನಿಂತು, ಓಣಿಯವರೆಲ್ಲ ಕೇಳುವಂತೆ ಇದನ್ನೇ ಹೇಳುತ್ತೇನೆ. ಏನೆನ್ನುತ್ತಾಳೋ, ಅನ್ನಲಿ. ಕ್ಷಮಿಸು ಎಂದು ನಿನ್ನನ್ನು ಕೇಳುವ ಮುಖ ನನಗಿಲ್ಲ.

ನಿನ್ನ ತಾಯಿ ಮಾತು ಮೀರಿದವಳಲ್ಲ, ರೇಣುಕಾ. ಇಡೀ ಓಣಿಯಲ್ಲಿ ನೀರಿನ ಬಗ್ಗೆ ಪ್ರಶ್ನೆ ಎತ್ತಿದವಳು ಅವಳೊಬ್ಬಳೇ. ನಾನು ಕುಡಿ ಎಂದೆ. ಅವಳು ಕುಡಿದಳು.