ಕೂಲರಿಗೆ ನೀರು ಹಾಕಿದವರು

ಗೊರಗೊರ, ಅದರ ಹಿಂದೆಯೇ ಟಪಟಪ. ಮೇ ತಿಂಗಳಲ್ಲಿ ನಮ್ಮ ಗಲ್ಲಿಯ ಪ್ರತಿ ಕಿಟಕಿಯಾಚೆ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಒಂದೊಂದು ಕೂಲರ್ ಹೀಗೆ ಮಾತಾಡುತ್ತದೆ. ಪಕ್ಕದ ಮನೆಯ ಅಮಿತಕ್ಕನ ಕೂಲರಿನ ದನಿ ಮಾತ್ರ ಬೇರೆ. ಪೇಟೆಯಲ್ಲಿ ಸಿಗುವ ಹುಲ್ಲಿನ ಪ್ಯಾಡಿನ ಬದಲು ಅವಳು ಅದಕ್ಕೆ ಹತ್ತಿಗಿಡದ ನಾರು ತುಂಬಿದ್ದಳು. ಗಾಳಿ ಮೆಲ್ಲಗೆ, ಗುಟ್ಟು ಹೇಳುವಂತೆ ಬರುತ್ತಿತ್ತು.

ಅದು ೨೦೦೬. ಊರಾಚೆ ಕಳಮೇಶ್ವರದ ಸಣ್ಣ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿದ್ದಳು ಅಮಿತಕ್ಕ. ನಾನು ಅಲ್ಲಿ ಇನ್ನೂ ಓದುತ್ತಿದ್ದೆ. ವಿಜ್ಞಾನ, ಎಂಜಿನಿಯರಿಂಗ್ ಸಂಶೋಧನೆಗೆ ಬರುವ ದಲಿತ ವಿದ್ಯಾರ್ಥಿಗಳಿಗೆಂದು ಒಂದು ಸಂಸ್ಥೆ ಫೆಲೋಶಿಪ್ ಇಟ್ಟಿತ್ತು. ಅದು ಸಿಕ್ಕರಷ್ಟೇ ಅವಳಿಗೆ ಪಿಎಚ್.ಡಿ. ಸಂದರ್ಶನ ನಮ್ಮ ಮರಾಠಿ ಊರಿನ ಸದರ್ ಬಡಾವಣೆಯಲ್ಲಿ. ಅವಳ ಬಳಿ ಒಂದು ಬೆರಗಿನ ಫಲಿತಾಂಶವಿತ್ತು: ತಾನು ಹಾಕಿದ ನೀರನ್ನು ದಿನಾ ಬರೆದಿಟ್ಟು ನೋಡಿದರೆ, ನಾರಿನ ಕೂಲರ್ ಹುಲ್ಲಿನದರ ಅರ್ಧ ನೀರಿನಲ್ಲೇ ಮನೆ ತಂಪು ಮಾಡುತ್ತದೆ.

ಸಂದರ್ಶನದ ಬೆಳಿಗ್ಗೆ ನಾವಿಬ್ಬರೂ ಹೊರಗೆ ಕಾಲಿಟ್ಟರೆ, ಎದುರುಮನೆಯ ವಾಮನಕಾಕಾ ಪೈಪು ಹಿಡಿದು ಅವಳ ಕೂಲರಿಗೆ ನೀರು ಬಿಡುತ್ತಿದ್ದರು.

“ಕಾಕಾ! ಏನ್ ಮಾಡಾಕತ್ತೀರಿ?”

“ನೀರ ಹಾಕಾಕತ್ತೀನಿ. ದಿನಾ ಹಾಕ್ತೀನಲ್ಲ. ನಿನಗ ಓದೂದ್ರಾಗ ಪುರಸತ್ತೆಲ್ಲೈತಿ?”

ಅವಳ ತಾಯಿ ಕಲ್ಲವ್ವ ಒಳಗಿನಿಂದಲೇ ಕೂಗಿದರು: “ನಾನೂ ಎರಡ ಬಕೀಟ ಹಾಕ್ತೀನಿ. ಖಾಲಿ ಓಡಿದ್ರ ಪಂಪ ಸುಡತೈತಿ, ಬರೋಬರ್ ಇಲ್ಲೇನು?”

ಅಮಿತಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು. “ಅವ್ವಾ, ಅರ್ಧ ನೀರು ಉಳೀತು ಅಂತ ಹೇಳಾಕ ಹೊಂಟಿದ್ನಲ್ಲ!”

“ಹೇಳು. ಬ್ಯಾಡ ಅಂದವ್ರ್ಯಾರು?”

ಆಟೋ ಹತ್ತಿದ ಮೇಲೆ ನಾನು ಮೆಲ್ಲಗೆ, “ಅಕ್ಕಾ, ಇದನ್ನ ಹೇಳಿದ್ರ ಫೆಲೋಶಿಪ್ ಹೋಗತೈತಿ,” ಅಂದೆ. ಅವಳು ದಾರಿಯ ಕಿಟಕಿಗಳ ಕೂಲರುಗಳನ್ನೇ ನೋಡುತ್ತಿದ್ದಳು. ಒಮ್ಮೆಲೇ ನನ್ನ ಮೊಣಕೈ ಹಿಡಿದು ಅಲುಗಾಡಿಸಿದಳು.

“ಚಾರು, ಯಾರ ಮನ್ಯಾಗೂ ನೀರ ಹಾಕಾವ್ರು ಬರೇ ಒಬ್ಬರ ಇರಂಗಿಲ್ಲ. ಹಂಗಂದ್ರ ಈ ಊರಿನ ಕೂಲರ್ ಎಷ್ಟ ನೀರ ಕುಡೀತಾವ, ಯಾರಿಗೂ ಗೊತ್ತ ಇಲ್ಲ! ಅದನ್ನ ಮೊದಲ ಅಳೀಬೇಕು. ಇಡೀ ಗಲ್ಲಿದು!”

ಸಂದರ್ಶನದ ಕೋಣೆಯೊಳಗೆ ಹೋಗಿ ಅವಳು ಎಲ್ಲವನ್ನೂ ಹೇಳಿದಳು, ತನ್ನ ಫಲಿತಾಂಶ ತಪ್ಪೆಂಬುದನ್ನೂ. ಬಾಗಿಲಾಚೆ ಕೂತ ನನಗೆ ಜೋರು ನಗು ಕೇಳಿಸಿತು; ತಮ್ಮ ಮನೆಯಲ್ಲೂ ಹೀಗೇ ಎಂದು ಯಾರೋ ಮರಾಠಿಯಲ್ಲಿ ಹೇಳಿದರು. ಬಳಿಕ ಪ್ರಶ್ನೆಗಳು, ಒಂದರ ಮೇಲೊಂದು. ಅವಳ ಉತ್ತರಗಳು ಅವಕ್ಕಿಂತ ಜಲ್ದಿ.

ಸಂಜೆ ಆಯ್ಕೆಯಾದವರ ಹೆಸರು ಕೂಗಿದರು. ಅವಳ ಹೆಸರು ಕೇಳಿ ಅತ್ತವಳು ನಾನು.

ವಾರದೊಳಗೆ ಗಲ್ಲಿಯಲ್ಲಿ ನೀರಿನ ಮೀಟರುಗಳು ಬಂದವು. ಅಮಿತಕ್ಕ ಎಲ್ಲರನ್ನೂ ಕರೆದು ನಿಲ್ಲಿಸಿದಳು. “ಯಾರರ ನೀರ ಹಾಕ್ರಿ, ಎಷ್ಟರ ಹಾಕ್ರಿ. ಆದ್ರ ಈ ಮೀಟರಿನ ಪೈಪಿನಿಂದನ ಹಾಕ್ರಿ. ಬಕೀಟಿನಿಂದ ಹಾಕಿದ್ರ ಲೆಕ್ಕ...”

ಗಲ್ಲಿಯ ಆ ತುದಿಯಲ್ಲಿ ಕಲ್ಲವ್ವ ಇನ್ನೊಬ್ಬರ ಕೂಲರಿಗೆ ಬಕೀಟು ಎತ್ತಿದ್ದರು.

“ಚಾರು, ನೀ ಇವರಿಗೆ ಹೇಳು, ಪೈಪಿನಿಂದ ಹಾಕೂದ್ಯಾಕ ಅಂದ್ರ,” ಎನ್ನುತ್ತಲೇ ಅವಳು ಅತ್ತ ನಡೆದುಬಿಟ್ಟಳು, “ಅವ್ವಾ, ನಿನಗ ಎಷ್ಟ ಸಲ ಹೇಳ್ಲಿ!”