ಬೋರ್ಡು ಭಾವ ಬರೆದ ದಾರಿ

ನನ್ನ ಭಾವ ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವರು. ಅದಕ್ಕೇ ಮನೆಮಂದಿಗೆಲ್ಲ ಅವರು ಬೋರ್ಡು ಭಾವ. ಬಯಲಿನ ದೊಡ್ಡ ಊರೊಂದರಲ್ಲಿ, ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿಯೇ ಅವರ ಕೆಲಸದ ಕೋಣೆ. ನೆಟ್ಟಗೆ ನಿಂತರೆ ತಲೆ ಬಡಿಯುತ್ತಿತ್ತು. ಸೀಮೆಎಣ್ಣೆ ಡಬ್ಬದಲ್ಲಿ ಅದ್ದಿಟ್ಟ ಕುಂಚಗಳು, ಕುಂಚ ಒರೆಸಿ ಒರೆಸಿ ಗೋಡೆಯ ಮೇಲೆ ದಪ್ಪವಾಗಿ ಕೂತ ಬಣ್ಣ, ಮೂಲೆಯಲ್ಲಿ ಬಿದಿರಿನ ಏಣಿ. ಭಾವ ಏಣಿ ಹತ್ತಿದರೆ ಕೆಳಗೆ ಅದನ್ನು ಹಿಡಿದು ನಿಲ್ಲುತ್ತಿದ್ದವಳು ನನ್ನ ಅಕ್ಕ. ಮದುವೆಯಾದ ಮಾರನೇ ತಿಂಗಳಿಂದ ಅದೇ ಅವಳ ಕೆಲಸ. ಆ ಊರಿನ ಅರ್ಧ ಬಜಾರನ್ನು ಅವಳು ಭಾವನ ಹಿಮ್ಮಡಿಯ ಸಂದಿಯಿಂದಲೇ ನೋಡಿದ್ದು.

ಬೋರ್ಡಿನ ವಿಷಯಕ್ಕೆ ಬಂದರೆ ಭಾವ ಯಾರ ಮಾತೂ ಕೇಳುತ್ತಿರಲಿಲ್ಲ. ಎರಡೂ ಕಡೆ ಹೆಸರು ಬರೆಯಿರಿ ಎಂದು ಯಾರಾದರೂ ಅಂಗಡಿಯವರು ಕೇಳಿದರೆ ಕುಂಚ ಕೆಳಗಿಡುತ್ತಿದ್ದರು. "ಬೋರ್ಡು ಇರೋದು ಬರೋನಿಗೆ ಕಣಯ್ಯ. ಹೋಗೋನಿಗ್ಯಾಕೆ? ಅವನ ಕೆಲಸ ಆಯ್ತಲ್ಲ." ಈ ಮಾತನ್ನು ನಾನೇ ಕಡಿಮೆಯೆಂದರೆ ಇಪ್ಪತ್ತು ಸಲ ಕೇಳಿದ್ದೇನೆ.

ಆಮೇಲೆ ಮಿಷನ್ನಿನಲ್ಲಿ ಅಚ್ಚಾಗುವ ಬೋರ್ಡುಗಳು ಬಂದವು, ಭಾವನ ಏಣಿ ಮೂಲೆ ಸೇರಿತು. ಅರವತ್ತೆರಡನೇ ವಯಸ್ಸಿಗೆ ಗಂಟುಮೂಟೆ ಕಟ್ಟಿಕೊಂಡು ಅಕ್ಕನನ್ನೂ ಕರೆದುಕೊಂಡು ನನ್ನ ಊರಿಗೆ ಬಂದರು. ಮಕ್ಕಳಿಲ್ಲ, ಹಿಂದೆಮುಂದೆ ನೋಡಬೇಕಾದ್ದೂ ಇರಲಿಲ್ಲ. ನನ್ನದು ಕನ್ನಡಕದ ಅಂಗಡಿ. ಊರಿನ ಬೆನ್ನಿಗೇ ಬೆಟ್ಟ. ಅಂಗಡಿಯ ಎದುರು ಮಹಡಿಯ ಮೇಲಿನ ಎರಡು ಕೋಣೆಯನ್ನು ನಾನೇ ಗೊತ್ತು ಮಾಡಿಕೊಟ್ಟೆ. ಅದಕ್ಕಾಗಿ ಈಗ ನನ್ನ ಕೈಯನ್ನೇ ಕಚ್ಚಿಕೊಳ್ಳಬೇಕೆನಿಸುತ್ತದೆ.

ಬಂದ ಒಂದು ವಾರಕ್ಕೆ ಭಾವನಿಗೆ ಬೆಟ್ಟದ ಹುಚ್ಚು ಹಿಡಿಯಿತು. ದಪ್ಪ ಅಟ್ಟೆಯ ಬೂಟು, ಕಿವಿ ಮುಚ್ಚುವ ಟೋಪಿ, ತುದಿಗೆ ಕಬ್ಬಿಣ ಹೊಡೆಸಿದ ಕೋಲು. ಬೆಳಗ್ಗೆ ಆರಕ್ಕೆ ಹೊರಟರೆ ಹನ್ನೊಂದಕ್ಕೆ ಬರುವುದು. ಮೂರು ತಿಂಗಳಲ್ಲಿ ಬೆಟ್ಟದ ತುದಿಯ ಕೊಳದವರೆಗೆ ದಾರಿ ಕಂಡುಹಿಡಿದರು. ನಾನು ಮೂವತ್ತು ವರ್ಷದಿಂದ ಇಲ್ಲಿದ್ದವನು, ಬೆಟ್ಟದ ಬುಡದ ನೀರಿನ ಟ್ಯಾಂಕಿನಿಂದ ಮೇಲಕ್ಕೆ ಹೋದವನಲ್ಲ. ಗಿರಾಕಿಗಳ ಎದುರಿಗೇ ಭಾವ ಅದನ್ನು ಹೇಳುವರು: "ನಮ್ಮ ಬಾಮೈದ ಊರಿಗೆಲ್ಲ ಕನ್ನಡಕ ಹಾಕ್ತಾನೆ. ಅವನ ಕಣ್ಣಿಗೆ ಮಾತ್ರ ಇಷ್ಟು ದೊಡ್ಡ ಬೆಟ್ಟ ಕಾಣ್ಲಿಲ್ಲ." ಗಿರಾಕಿಗಳು ನಗುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆ. ಒಳಗೆ ಸಿಟ್ಟಿತ್ತು, ಅದನ್ನು ಮುಚ್ಚಿಡುವುದೇಕೆ?

ಅಕ್ಕ ಕೋಣೆಯಲ್ಲೇ. ಹೊಸ ಊರು, ಗುರುತಿನವರಿಲ್ಲ. ಭಾವ ಬಂದು ಕಾಲು ಬಿಸಿನೀರಿನಲ್ಲಿಟ್ಟು ಕೊಳದ ಬಣ್ಣ ಹೇಳುವರು. ಬೆಳಗ್ಗೆ ಒಂದು ನೀಲಿಯಂತೆ, ಬಿಸಿಲೇರಿದರೆ ಬೇರೆ ನೀಲಿಯಂತೆ, ಡಬ್ಬದಲ್ಲಿ ಕಲಸಲು ಆಗದ್ದಂತೆ. ಅಕ್ಕ ಟವೆಲು ಹಿಡಿದು ಕೇಳುವಳು.

"ನನ್ನನ್ನೂ ಒಂದು ದಿನ ಕರ್ಕೊಂಡು ಹೋಗಿ ಅಂದ್ರೆ."

"ನಿನ್ನ ನಡಿಗೇಲಿ ಹೋದ್ರೆ ಕೊಳ ಬತ್ತಿ ಹೋಗಿರುತ್ತೆ. ಅಲ್ಲೇನು ಏಣಿ ಹಿಡಿಯೋ ಕೆಲಸ ಇದ್ಯಾ?"

ಅಕ್ಕ ನಕ್ಕುಬಿಡುವಳು. ಮಾರನೇ ವಾರ ಮತ್ತೆ ಕೇಳುವಳು. ನಲವತ್ತು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಈ ಕೊಳವೊಂದನ್ನೇ.

ಊರಿನ ನಿವೃತ್ತರ ಒಂದು ಗುಂಪು ದಿನಾ ನನ್ನ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂರುತ್ತಿತ್ತು. ಅದರ ಯಜಮಾನಿಕೆ ಹಳೇ ಪೋಸ್ಟ್‌ಮಾಸ್ಟರರದು. ಭಾವ ಇವರನ್ನೂ ಭಾನುವಾರಗಳಂದು ಬೆಟ್ಟಕ್ಕೆ ಹೊರಡಿಸಿದರು, ಮರ್ಯಾದೆಗೆ ನಾನೂ ಹೋದೆ. ದಾರಿ ತಪ್ಪದಿರಲೆಂದು ಭಾವ ಬಂಡೆಬಂಡೆಗೂ ಹಳದಿ ಬಣ್ಣದಲ್ಲಿ ಬಾಣ ಬರೆದರು. ಎಂಥ ಬಾಣ ಅಂತೀರಿ! ಒಂದೂ ಓರೆಯಿಲ್ಲ, ಒಂದರ ಬಣ್ಣವೂ ಸೋರಿಲ್ಲ. ಗುಂಪು ಹೊಗಳಿತು, ಭಾವ ಉಬ್ಬಿಹೋದರು.

ನನ್ನ ಮಂಡಿ ಸರಿಯಿಲ್ಲ. ಒಂದು ಭಾನುವಾರ ಇಳಿಯುವಾಗ ಎಲ್ಲರಿಗಿಂತ ಹಿಂದೆ ಬಿದ್ದೆ. ದಾರಿ ಕವಲೊಡೆಯುವಲ್ಲಿ ಒಂದು ದೊಡ್ಡ ಬಂಡೆಯಿದೆ, ಅಲ್ಲಿ ನಿಂತು ಬಾಣ ಹುಡುಕಿದೆ. ಇರಲಿಲ್ಲ. ಕೆಳಗಿನಿಂದ ಪೋಸ್ಟ್‌ಮಾಸ್ಟರರ ಕೆಮ್ಮು ಕೇಳಿದ್ದಕ್ಕೆ ಎಡಗಡೆ ಇಳಿದೆ. ನಾಲ್ಕು ಹೆಜ್ಜೆ ಇಳಿದು ತಿರುಗಿದರೆ ಬಾಣ ಅಲ್ಲೇ ಇದೆ, ಬಂಡೆಯ ಕೆಳಮುಖದಲ್ಲಿ, ಹತ್ತುವವನ ಕಣ್ಣಿಗೆ ಸರಿಯಾಗಿ. ಮಿಕ್ಕ ಬಂಡೆಗಳನ್ನೂ ನೋಡುತ್ತ ಬಂದೆ. ಎಲ್ಲವೂ ಹಾಗೇ. ಬರುವವನಿಗೆ ಬೋರ್ಡು, ಹೋಗುವವನಿಗೆ ಬರಿಗಲ್ಲು. ಇಳಿಯುವಾಗ ಭಾವನೇ ಮುಂದಿರುತ್ತಿದ್ದರಿಂದ ಯಾರಿಗೂ ಅದು ಗೊತ್ತಾಗಿರಲಿಲ್ಲ.

ನಾನು ಹೇಳಬಹುದಿತ್ತು. ಹೇಳಲಿಲ್ಲ. ಒಂದು ದಿನ ಪೋಸ್ಟ್‌ಮಾಸ್ಟರರು ಅಲ್ಲಿ ದಾರಿ ತಪ್ಪಿ ಬೆಂಚಿನ ಮೇಲೆ ಭಾವನಿಗೆ ಮಂಗಳಾರತಿ ಎತ್ತುವುದನ್ನು ನೆನೆನೆನೆದು ಅಂಗಡಿಯಲ್ಲಿ ಒಬ್ಬನೇ ನಗುತ್ತಿದ್ದೆ.

ಆ ದಿನ ಬಂದದ್ದು ಬೇರೆ ರೀತಿಯಲ್ಲಿ. ಬೆಂಚಿನ ಮೇಲೆ ಪೋಸ್ಟ್‌ಮಾಸ್ಟರರು ಭಾವನನ್ನು ಕೆಣಕಿದರು: "ನೀವು ಮುಂದಿದ್ರೆ ನಿಮ್ಮ ಬಾಣ ಯಾಕೆ ಬೇಕು? ನೀವಿಲ್ದೆ ಯಾರಾದ್ರೂ ಹೋಗಿ ಬಂದ್ರೆ ಅದು ಬಾಣ."

"ಯಾರಾದ್ರೂ ಯಾಕೆ? ನಮ್ಮನೆಯವಳಿಗೆ ಬೀದಿ ಕೊನೆಯ ಹಾಲಿನ ಬೂತು ಗೊತ್ತಿಲ್ಲ. ಅವಳೊಬ್ಬಳನ್ನೇ ಕಳಿಸ್ತೀನಿ. ಹೋಗಿ ಬರ್ತಾಳೆ, ನೋಡ್ತಿರಿ," ಎಂದರು ಭಾವ.

ನಾನು ಒಳಗೆ ಗಾಜು ಉಜ್ಜುತ್ತಿದ್ದೆ. ಕೈ ನಿಂತಿತು. ಆದರೆ ನನ್ನ ಎಣಿಕೆ ಬೇರೆಯಿತ್ತು. ಅಕ್ಕ ಪುಕ್ಕಲಿ. ಕವಲಿನಲ್ಲಿ ಬಾಣ ಕಾಣದಿದ್ದರೆ ಅಲ್ಲೇ ಕೂತುಬಿಡುತ್ತಾಳೆ, ನಾವು ಹೋಗಿ ಕರೆತರುವುದು, ಭಾವನ ಜಂಬ ಗುಂಪಿನ ಎದುರಿಗೇ ಇಳಿಯುವುದು. ಹೀಗೆಂದುಕೊಂಡು ಮತ್ತೆ ಗಾಜು ಉಜ್ಜಿದೆ.

ಮಾರನೇ ಬೆಳಗ್ಗೆ ಏಳಕ್ಕೆ ಅಕ್ಕ ಹೊರಟಳು. ಭಾವನ ಹಳೇ ಬೂಟಿಗೆ ಬಟ್ಟೆ ತುರುಕಿ ಹಾಕಿಕೊಂಡಿದ್ದಳು. ಚೀಲದಲ್ಲಿ ನೀರು, ಎರಡು ಬಾಳೆಹಣ್ಣು. ತುದಿ ಮುಟ್ಟಿದ ಗುರುತಿಗೆ ಕೊಳದ ಪಕ್ಕದ ಕಂಬಕ್ಕೆ ಕಟ್ಟಲು ಒಂದು ಕೆಂಪು ಬಟ್ಟೆ. ಇದು ಪಂದ್ಯವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗಂಡ ಕೊನೆಗೂ ಒಪ್ಪಿದರು ಎಂದಷ್ಟೇ ಅವಳಿಗೆ ಗೊತ್ತು. ಅರವತ್ತು ವರ್ಷದ ಹೆಂಗಸು ಸ್ಕೂಲಿಗೆ ಹೊರಟವಳ ಹಾಗೆ ತಲೆ ನೀಟಾಗಿ ಬಾಚಿಕೊಂಡಿದ್ದಳು.

"ಮೇಲಿಂದ ನಿನ್ನ ಅಂಗಡಿ ಕಾಣುತ್ತೇನೋ?"

"ಕಾಣುತ್ತಕ್ಕ."

"ಹಂಗಾದ್ರೆ ಕೈ ಬೀಸ್ತೀನಿ. ನೋಡು, ಮರೀಬೇಡ."

ಅಂಗಡಿಯಲ್ಲಿ ಒಂದು ದುರ್ಬೀನು ಇದೆ. ಹನ್ನೊಂದೂವರೆಗೆ ಕಂಬದ ಮೇಲೆ ಕೆಂಪು ಕಾಣಿಸಿತು. ದುರ್ಬೀನು ಕೈಯಿಂದ ಕೈಗೆ ಹೋಯಿತು. ಪೋಸ್ಟ್‌ಮಾಸ್ಟರರು ಸೋತೆ ಎಂದರು. ಭಾವ ಎಲ್ಲರಿಗೂ ಚಹಾ ಹೇಳಿದರು. ಕೊನೆಗೆ ನಾನು ನೋಡಿದೆ. ಕಂಬದ ಪಕ್ಕ ಕಡ್ಡಿಯಷ್ಟು ಉದ್ದದ ಅಕ್ಕ ಅಂಗಡಿಯ ಕಡೆಗೆ ಮುಖ ಮಾಡಿ ಕೈ ಬೀಸುತ್ತಿದ್ದಳು. ಬಹಳ ಹೊತ್ತು ಬೀಸಿದಳು. ಆಗಲೂ ಸಮಯವಿತ್ತು. ಕವಲಿನ ಬಂಡೆ ಇಲ್ಲಿಂದ ಒಂದು ಗಂಟೆಯ ದಾರಿ. ನಾನು ದುರ್ಬೀನಿನ ಗಾಜು ಒರೆಸಿ ಪೆಟ್ಟಿಗೆಯಲ್ಲಿಟ್ಟೆ, ಚಹಾ ಕುಡಿದೆ.

ಎರಡಕ್ಕೆ ಬರಬೇಕಿತ್ತು. ಮೂರಾಯಿತು. ನಾಲ್ಕಕ್ಕೆ ಭಾವ, ನಾನು ಇಬ್ಬರೇ ಹತ್ತಿದೆವು. ಕವಲಿನಲ್ಲಿ ಅವಳಿರಲಿಲ್ಲ. ಕೊಳದ ಹತ್ತಿರ ಬಾಳೆಹಣ್ಣಿನ ಸಿಪ್ಪೆ, ಕಂಬದಲ್ಲಿ ಬಟ್ಟೆ. ಕೂಗಿ ಕೂಗಿ ಗಂಟಲು ಕಟ್ಟಿತು. ಇಳಿಯುವಾಗ ಹೊತ್ತು ಮುಳುಗುತ್ತಿತ್ತು. ಕವಲಿನ ಬಂಡೆಯ ಮುಂದೆ ಭಾವ ತಟ್ಟನೆ ನಿಂತರು. ಬಂಡೆಯ ಮೇಲೆ ಕೈಯಾಡಿಸಿದರು, ಬಣ್ಣ ಒಣಗಿದೆಯೇ ಎಂದು ನೋಡುವವರ ಹಾಗೆ. ಬರಿಗಲ್ಲು. ನಾನು ಏನೂ ಕೇಳದೆ ಬಲಗಡೆಯ ದಾರಿ ಹಿಡಿದೆ. ಯಾಕೆ ಆ ಕಡೆ ಎಂದು ಭಾವನೂ ಕೇಳಲಿಲ್ಲ. ಸ್ವಲ್ಪ ದೂರಕ್ಕೆ ದಾರಿ ಮುಗಿದು ಜಾರುಕಲ್ಲಿನ ಇಳಿಜಾರು ಶುರುವಾಯಿತು, ಕತ್ತಲಾಯಿತು, ವಾಪಸು ಬಂದೆವು.

ಅವಳು ಸಿಕ್ಕಿದ್ದು ಮಾರನೇ ಬೆಳಗ್ಗೆ, ಬೆಟ್ಟದ ಆಚೆ ಬದಿಯ ಕಲ್ಲುಕ್ವಾರಿಯಲ್ಲಿ. ಕೆಲಸದವರು ನರಳಾಟ ಕೇಳಿ ಟ್ರ್ಯಾಕ್ಟರಿನಲ್ಲಿ ಮಲಗಿಸಿ ತಂದರು. ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವಳು ಮೊದಲು ಹೇಳಿದ್ದು, "ಬಾಣ ಕಾಣ್ಲಿಲ್ಲ ರೀ. ಅಗಲ ಇದ್ದ ದಾರೀನೇ ಇರ್ಬೇಕು ಅಂದ್ಕೊಂಡೆ."

ಭಾವ ಉತ್ತರಕ್ಕೆ ಒಂದು ವಾರ ತೆಗೆದುಕೊಂಡರು. ಆ ವಾರ ಎರಡು ದಿನ ಆಸ್ಪತ್ರೆಗೆ ತಡವಾಗಿ ಬಂದರು. ಉಗುರಿನ ಸಂದಿಯಲ್ಲಿ ಹಳದಿ, ಮೈಯಲ್ಲಿ ಸೀಮೆಎಣ್ಣೆ ವಾಸನೆ. ಮಂಡಿ ಹಿಡಿದುಕೊಂಡು ನಾನೊಬ್ಬನೇ ಹತ್ತಿ ನೋಡಿದೆ. ಒಂದೊಂದು ಬಂಡೆಯ ಮೇಲ್ಮುಖದಲ್ಲೂ ಊರಿನ ಕಡೆಗೆ ಬಾಣ. ಹೊಸ ಬೋರ್ಡು ಹಳೆಯದರಂತೆ ಕಾಣುವ ಹಾಗೆ ಮಾಡುವುದು ಅವರ ಕಸುಬಿನಲ್ಲೇ ಇತ್ತು, ಅಜ್ಜನ ಕಾಲದ ಅಂಗಡಿ ಎಂದು ತೋರಿಸಿಕೊಳ್ಳುವವರಿಗೆ ಬರೆದುಕೊಡುತ್ತಿದ್ದರು. ಬಣ್ಣ ಹಸಿಯಿದ್ದಾಗ ಮಣ್ಣು ಸವರಿ, ಅಂಚು ಉಜ್ಜಿ, ಅಲ್ಲಲ್ಲಿ ಸುಲಿದು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಅವರ ಬಜಾರಿನಲ್ಲೂ ನೋಡಿರಲಿಲ್ಲ.

ಮುಂದಿನ ಭಾನುವಾರ ಗುಂಪನ್ನು ಕರೆದುಕೊಂಡು ಹೋಗಿ ತೋರಿಸಿದರು. "ಇಷ್ಟು ದೊಡ್ಡ ಬಾಣ ಇದೆ. ಇವಳಿಗೆ ಕಾಣ್ಲಿಲ್ಲ ಅಂದ್ರೆ ನಾನೇನು ಮಾಡ್ಲಿ, ಹೇಳಿ." ಪೋಸ್ಟ್‌ಮಾಸ್ಟರರು ಪಾಪ ಎಂದರು. ಭಾವ ನನ್ನ ಕಡೆ ನೋಡಿದರು. ಅವರಿಗೆ ನಾನು ಬಲಗಡೆಗೆ ತಿರುಗಿದ್ದು ನೆನಪಿತ್ತು. ನನಗೆ ಅವರ ಉಗುರು ನೆನಪಿತ್ತು. ಇಬ್ಬರೂ ಬಾಯಿ ಹೊಲಿದುಕೊಂಡು ಇಳಿದೆವು.

ಅಕ್ಕ ಐದು ತಿಂಗಳ ಮೇಲೆ ಎದ್ದಳು. ಇನ್ನು ನಾಲ್ಕು ಕಾಲಿನ ಕಬ್ಬಿಣದ ಸ್ಟ್ಯಾಂಡು ಹಿಡಿದು ಮನೆಯಿಂದ ಬೀದಿ ದಾಟುವಷ್ಟೇ ನಡಿಗೆ. ಏಣಿ ಹಿಡಿದ ಕೈಗೆ ಕೊನೆಗಾಲಕ್ಕೆ ಇದು ಸಿಕ್ಕಿತು. ಒಂದು ಮಧ್ಯಾಹ್ನ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತಳು.

"ನನ್ನ ಕಣ್ಣು ನೋಡೋ. ಅವರು ದಿನಾ ಅಂತಾರೆ, ಅಷ್ಟು ದೊಡ್ಡ ಬಾಣ ಕಾಣ್ಲಿಲ್ವಲ್ಲ ಅಂತ. ನಾನು ಬಂಡೆ ಸುತ್ತ ಎರಡು ಸಲ ನೋಡ್ದೆ ಕಣೋ. ನೀನೂ ಎಷ್ಟೋ ಸಲ ಇಳ್ದಿದ್ದೀಯಲ್ಲ. ನಿಂಗೆ ಕಾಣ್ತಿತ್ತಾ?"

ನಾನು ಪರೀಕ್ಷೆಯ ಚೌಕಟ್ಟನ್ನು ಅವಳ ಮೂಗಿನ ಮೇಲೆ ಕೂರಿಸುತ್ತಿದ್ದೆ. ಮುಖ ಅಷ್ಟು ಹತ್ತಿರವಿತ್ತು.

"ಕಾಣ್ತಿತ್ತಕ್ಕ," ಎಂದೆ.

ಗೋಡೆಯ ಅಕ್ಷರಗಳನ್ನು ಓದಿಸಿದೆ. ಮೇಲಿನ ದೊಡ್ಡ ಅಕ್ಷರದಿಂದ ಕೆಳಸಾಲಿನ ಸಾಸಿವೆಯಷ್ಟರವರೆಗೆ ಒಂದೂ ತಪ್ಪಿಲ್ಲದೆ ಓದಿದಳು. ಅವಳ ಹಳೇ ಕನ್ನಡಕ ಸರಿಯಾಗೇ ಇತ್ತು.

"ನಂಬರು ಸ್ವಲ್ಪ ಏರಿದೆ," ಎಂದೆ.

"ನೋಡ್ದಾ, ಅವರು ಹೇಳಿದ್ದೇ ನಿಜ. ಪಾಪ, ಸುಮ್ನೆ ಅವರ ಮೇಲೆ ಅನುಮಾನ ಪಟ್ಟೆ." ಅವಳ ಮುಖದ ಮೇಲಿನ ಭಾರ ಇಳಿದುಹೋದಂತಿತ್ತು.

ಎರಡು ದಿನ ಬಿಟ್ಟು ಅವಳ ಹಳೇ ನಂಬರಿನ ಗಾಜನ್ನೇ ಹೊಸ ಫ್ರೇಮಿಗೆ ಹಾಕಿ ಕೊಟ್ಟೆ. ಅಕ್ಕ ಸ್ಟ್ಯಾಂಡು ಹಿಡಿದು ಬಾಗಿಲಿಗೆ ಹೋಗಿ ನಿಂತಳು. ಕನ್ನಡಕ ಹಾಕಿಕೊಂಡು ಬೆಟ್ಟದ ತುದಿಯವರೆಗೆ ಕತ್ತೆತ್ತಿ ನೋಡಿದಳು. ಅವಳು ಕಟ್ಟಿದ ಬಟ್ಟೆ ಇನ್ನೂ ಕಂಬದ ಮೇಲಿತ್ತು, ಬಣ್ಣ ಹೋಗಿ ಬೆಳ್ಳಗಾಗಿತ್ತು.

"ಈಗ ಎಷ್ಟು ಚೆನ್ನಾಗಿ ಕಾಣ್ತಿದೆ ನೋಡು," ಎಂದಳು. "ಇದನ್ನ ಮೊದ್ಲೇ ಮಾಡಿಸ್ಕೋಬೇಕಿತ್ತು."